ಬಿದ್ದ ನಗರ ಎದ್ದು ನಿಲ್ಲುವ ಬಗೆ

ಭೂಕಂಪವಾಗಿ ಮೂರು ವರ್ಷಗಳ ಬಳಿಕ ಕಾಠ್ಮಂಡು ಕಣಿವೆಯಲ್ಲಿ ನಾವು ಕಂಡದ್ದು

ಬೇಸಿಗೆ ರಜೆಯ ಪ್ರವಾಸವೆಂದರೆ ಚೆಂದವಾದುದನ್ನು ನೋಡಿ ಬರುವುದು ಎಂಬುದೇ ಎಲ್ಲರ ಎಣಿಕೆ. ಊಟಿಗೆ ಹೋಗುವವರು ಹೂದೋಟ ನೋಡುತ್ತಾರೆ, ಕಾಶಿಗೆ ಹೋಗುವವರು ಗಂಗೆಯಲ್ಲಿ ಮೀಯುತ್ತಾರೆ. ಒಡೆದ ಗೋಡೆಗಳನ್ನೂ ಗುಡಿಯಿಲ್ಲದ ಜಗಲಿಗಳನ್ನೂ ನೋಡಲಿಕ್ಕೆಂದು ಕೈಯಿಂದ ದುಡ್ಡು ಹಾಕಿ ಯಾರು ಹೋಗುತ್ತಾರೆ? 2018ರ ಮೇ ತಿಂಗಳಲ್ಲಿ ನಾವು ನಾಲ್ವರು ಅಧ್ಯಾಪಕರು, ಮನೆಮಂದಿ ಮಕ್ಕಳು ಸೇರಿ ಹನ್ನೊಂದು ಜನ, ನೇಪಾಳಕ್ಕೆ ಹೊರಟಾಗ ನೆಂಟರಿಷ್ಟರು ಕೇಳಿದ್ದು ಇದನ್ನೇ. ನಮ್ಮ ಮನಸ್ಸಿನಲ್ಲಿ ಬೇರೆಯೇ ಒಂದು ಅಳುಕಿತ್ತು. ಮನೆಮಾರು ಕಳೆದುಕೊಂಡವರ ಊರಿಗೆ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ರಜೆ ಕಳೆಯಲು ಹೋಗುವುದು ಸಭ್ಯತೆಯೆ?

ಒಂಬತ್ತು ದಿನ ಅಲ್ಲಿದ್ದು ಬಂದ ಮೇಲೆ ಆ ಅಳುಕು ನಮ್ಮಲ್ಲಿ ಉಳಿದಿಲ್ಲ. ಬಿದ್ದುದನ್ನು ಮಾತ್ರ ನೋಡಿ ಮರುಗಿ ಬರುವವನಿಗೆ ಆ ಕಣಿವೆಯಲ್ಲಿ ಅರ್ಧ ದಿನದ ಕೆಲಸವಷ್ಟೆ ಇದೆ. ಅದು ಹೇಗೆ ಏಳುತ್ತಿದೆ, ಯಾರು ಎಬ್ಬಿಸುತ್ತಿದ್ದಾರೆ, ಯಾವುದು ಬೇಗ ಎದ್ದಿತು, ಯಾವುದು ಏಳಲಾರದೆ ಕೂತಿತು ಎಂದು ಕೇಳಿ ತಿಳಿಯುವವನಿಗೆ ಒಂಬತ್ತು ದಿನವೂ ಸಾಲದು. ಆ ಮಾತನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಆ ಶನಿವಾರ

2015ರ ಏಪ್ರಿಲ್ 25, ಶನಿವಾರ. ನೇಪಾಳದ ಗಡಿಯಾರದಲ್ಲಿ ಹಗಲು 11 ಗಂಟೆ 56 ನಿಮಿಷ. ಕಾಠ್ಮಂಡುವಿನಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಎಂಬ ಹಳ್ಳಿಯ ಪರಿಸರದಲ್ಲಿ ನೆಲದಡಿಯ ಬಂಡೆ ಜಾರಿತು. ಕಂಪನದ ಪ್ರಮಾಣ 7.8. ಹದಿನೇಳು ದಿನ ಕಳೆದು ಮೇ 12ರಂದು, ಜನ ಇನ್ನೂ ಡೇರೆಗಳಲ್ಲಿ ಮಲಗುತ್ತಿದ್ದಾಗಲೇ, ದೋಲಖಾ ಕಡೆಯಿಂದ 7.3 ಪ್ರಮಾಣದ ಇನ್ನೊಂದು ಬಂತು. ಎರಡರಿಂದಲೂ ತೀರಿಕೊಂಡವರು ಸುಮಾರು 9,000 ಮಂದಿ. ಗಾಯಗೊಂಡವರು ಸುಮಾರು 22,000. ಪೂರ್ತಿ ಕುಸಿದ ಮನೆಗಳು ಐದು ಲಕ್ಷದಷ್ಟು, ಅರೆಬರೆ ಹಾಳಾದವು ಎರಡೂವರೆ ಲಕ್ಷ. ಸಿಂಧುಪಾಲ್‌ಚೋಕ್ ಎಂಬ ಒಂದೇ ಜಿಲ್ಲೆಯಲ್ಲಿ 3,500ಕ್ಕೂ ಮಿಕ್ಕಿ ಜನ ಸತ್ತರು.

ಕಾರಣ ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೂ ಗೊತ್ತಿರುವುದೇ. ಭಾರತ ನಿಂತಿರುವ ಭೂಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಹಿಮಾಲಯದ ಅಡಿಗೆ ನುಗ್ಗುತ್ತಿದೆ. ಬಹುಕಾಲ ಸಿಕ್ಕಿಕೊಂಡು ಬಿಗಿದಿದ್ದ ಭಾಗ ಒಮ್ಮೆಲೇ ಕಳಚಿದಾಗ ಕಾಠ್ಮಂಡು ಕಣಿವೆ ಕ್ಷಣಮಾತ್ರದಲ್ಲಿ ಒಂದೂವರೆ ಮೀಟರಿನಷ್ಟು ದಕ್ಷಿಣಕ್ಕೆ ಸರಿದು, ಸುಮಾರು ಒಂದು ಮೀಟರ್ ಮೇಲೆದ್ದಿತು. ಕಣಿವೆ ಹಿಂದೆ ದೊಡ್ಡ ಸರೋವರವಾಗಿತ್ತು, ಮಂಜುಶ್ರೀ ಬೋಧಿಸತ್ತ್ವನು ಚೋಭಾರಿನ ಗುಡ್ಡವನ್ನು ಖಡ್ಗದಿಂದ ಸೀಳಿ ನೀರು ಹರಿಯಬಿಟ್ಟನು ಎಂಬುದು ಅಲ್ಲಿಯ ಐತಿಹ್ಯ. ಭೂವಿಜ್ಞಾನಿಗಳೂ ಸರೋವರವಿದ್ದುದನ್ನು ಒಪ್ಪುತ್ತಾರೆ. ನಗರ ಕೂತಿರುವುದು ನೂರಾರು ಮೀಟರ್ ದಪ್ಪದ ಕೆರೆಮಣ್ಣಿನ ಮೇಲೆ. ಆ ಮೆದುಮಣ್ಣು 2015ರಲ್ಲಿ ತೊಟ್ಟಿಲಿನಂತೆ ನಿಧಾನವಾಗಿ, ದೂರದೂರಕ್ಕೆ ತೂಗಿತು. ತಗ್ಗು ಮನೆಗಳಿಗಿಂತ ಎತ್ತರದ ಕಟ್ಟಡಗಳಿಗೆ ಇಂತಹ ತೂಗಾಟದ ಪೆಟ್ಟು ಹೆಚ್ಚು.

ಅಧ್ಯಾಪಕರಾದ ನಮ್ಮನ್ನು ಬಹುವಾಗಿ ಕಾಡಿದ್ದು ಒಂದು ಸಂಗತಿ. ನೇಪಾಳದಲ್ಲಿ ವಾರದ ರಜೆ ಶನಿವಾರ. ಅಂದು ಕುಸಿದ ತರಗತಿ ಕೋಣೆಗಳ ಸಂಖ್ಯೆ 25 ಸಾವಿರಕ್ಕೂ ಮಿಕ್ಕಿದ್ದು. ಆ ಕೋಣೆಗಳಲ್ಲಿ ಮಕ್ಕಳಿರಲಿಲ್ಲ. ಒಂದು ದಿನ ಹಿಂದೆಯೋ ಮುಂದೆಯೋ ಆಗಿದ್ದರೆ, ಅದೂ ಹಗಲಿನ ಆ ಹೊತ್ತಿಗೆ ಆಗಿದ್ದರೆ, ಸತ್ತವರ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೆಂದು ಊಹಿಸಲೂ ಮನಸ್ಸು ಒಪ್ಪುವುದಿಲ್ಲ.

ದಾರಿಯ ಮಾತು

ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿ, ಅಲ್ಲಿಂದ ರೈಲಿನಲ್ಲಿ ಗೋರಖಪುರ, ಮತ್ತೆ ಬಸ್ಸಿನಲ್ಲಿ ಸೋನೌಲಿ ಗಡಿ. ಭಾರತೀಯರಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ. ದೊಡ್ಡವರಿಗೆ ಚುನಾವಣಾ ಗುರುತುಚೀಟಿ ಸಾಕು. ಗಡಿ ದಾಟಿದೊಡನೆ ಗಡಿಯಾರವನ್ನು ಕಾಲು ಗಂಟೆ ಮುಂದಿಡಬೇಕು ಎಂಬುದು ಮಕ್ಕಳಿಗೆ ದೊಡ್ಡ ತಮಾಷೆ. ನಮ್ಮ ನೂರು ರೂಪಾಯಿಗೆ ಅಲ್ಲಿ ನೂರ ಅರುವತ್ತು ಸಿಗುತ್ತದೆ ಎಂಬುದು ದೊಡ್ಡವರಿಗೆ ಸಮಾಧಾನ. ಬೆಟ್ಟದ ದಾರಿಯಲ್ಲಿ ಇಡೀ ಹಗಲು ಬಸ್ಸಿನಲ್ಲಿ ಕುಲುಕಿ ಸಂಜೆ ಕಾಠ್ಮಂಡು ತಲಪಿದಾಗ ಎದುರಾದದ್ದು ದೂಳು. ಮೇಲಂಚಿಯಿಂದ ಕುಡಿಯುವ ನೀರು ತರುವ ಯೋಜನೆಯ ಕೊಳವೆಗಳಿಗಾಗಿ ಬೀದಿಗಳನ್ನು ಅಗೆದು ಹಾಕಿದ್ದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಜನ ಓಡಾಡುತ್ತಿದ್ದರು.

ಕೈಮುಗಿದ ಗರುಡ

ಕಾಠ್ಮಂಡು, ಪಾಟನ್ ಎಂಬ ಲಲಿತಪುರ, ಭಕ್ತಪುರ: ಕಣಿವೆಯಲ್ಲಿ ಈ ಮೂರು ಹಳೆಯ ರಾಜಧಾನಿಗಳು. ಮಲ್ಲ ವಂಶದ ಅರಸರು ಮೂರು ಕಡೆಯಲ್ಲೂ ಪೈಪೋಟಿಯಿಂದ ಅರಮನೆ ಕಟ್ಟಿಸಿದರು, ಅದರ ಮುಂದಣ ಚೌಕದಲ್ಲಿ ಗುಡಿಗಳನ್ನು ಎಬ್ಬಿಸಿದರು. ಮೂರು ಅರಮನೆ ಚೌಕಗಳು, ಸ್ವಯಂಭು ಮತ್ತು ಬೌದ್ಧ ಸ್ತೂಪಗಳು, ಪಶುಪತಿ, ಚಾಂಗು ನಾರಾಯಣ, ಈ ಏಳೂ ಸೇರಿ 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಭೂಕಂಪ ಈ ಏಳರಲ್ಲಿ ಒಂದನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲ.

ಕಾಠ್ಮಂಡುವಿನ ಹನುಮಾನ್ ಢೋಕಾ ಚೌಕದಲ್ಲಿ ತ್ರೈಲೋಕ್ಯ ಮೋಹನ ನಾರಾಯಣನ ಗುಡಿ ಇದ್ದ ಜಾಗದಲ್ಲಿ ಇಟ್ಟಿಗೆಯ ಮೆಟ್ಟಿಲು ಮೆಟ್ಟಿಲಾದ ಜಗಲಿ ಮಾತ್ರ ಉಳಿದಿತ್ತು. ಗುಡಿಯ ಮುಂದಿನ ಕಲ್ಲಿನ ಗರುಡನಿಗೆ ಏನೂ ಆಗಿರಲಿಲ್ಲ. ಮೂರು ವರ್ಷಗಳಿಂದ ಅವನು ಮಂಡಿಯೂರಿ, ಕೈಮುಗಿದು, ಬರಿಯ ಆಕಾಶವನ್ನು ನೋಡುತ್ತಿದ್ದ. ಆಚೆ ಮಾಜು ದೇವಲ್ ಎಂಬ ಶಿವಾಲಯದ ಒಂಬತ್ತು ಮೆಟ್ಟಿಲ ಪೀಠವೂ ಹಾಗೆಯೇ ಬರಿದು. ಬಸಂತಪುರದ ಒಂಬತ್ತಂತಸ್ತಿನ ಅರಮನೆಗೆ ಉಕ್ಕಿನ ಅಟ್ಟಣಿಗೆ ಕಟ್ಟಿ ಚೀನಾದ ನೆರವಿನಿಂದ ದುರಸ್ತಿ ನಡೆಯುತ್ತಿತ್ತು. ಫಲಕಗಳ ಮೇಲೆ ನೇಪಾಳಿಯ ಪಕ್ಕದಲ್ಲಿ ಚೀನೀ ಅಕ್ಷರಗಳು.

ನಗರಕ್ಕೆ ಹೆಸರು ಕೊಟ್ಟ ಕಾಷ್ಠಮಂಡಪವೂ ಈ ಚೌಕದ ಬದಿಯಲ್ಲೇ. ಹೆಸರಿನ ಅರ್ಥ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮರದಿಂದ ಕಟ್ಟಿದ್ದೆಂಬ ಪ್ರತೀತಿಯುಳ್ಳ ಮೂರಂತಸ್ತಿನ ಆ ದೊಡ್ಡ ಮಂಡಪದಲ್ಲಿ ಆ ಶನಿವಾರ ರಕ್ತದಾನದ ಶಿಬಿರ ನಡೆಯುತ್ತಿತ್ತು. ಮಂಡಪ ಕುಸಿದಾಗ ರಕ್ತ ಕೊಡಲು ಬಂದವರೂ ತೆಗೆಯಲು ಬಂದವರೂ ಅಡಿಯಲ್ಲಿ ಸಿಕ್ಕಿದರು. ನಾವು ಹೋದಾಗ ಸುತ್ತ ಬೇಲಿ, ನಡುವೆ ಅಡಿಪಾಯ.

ಈ ಅಡಿಪಾಯದ ಕಥೆ ಕೇಳುವಂಥದ್ದು. ಮಂಡಪ 12ನೇ ಶತಮಾನದ್ದೆಂದು ಎಲ್ಲರೂ ನಂಬಿದ್ದರು. ಬಿದ್ದ ಮೇಲೆ ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯದ ಹಾಗೂ ನೇಪಾಳದ ಪುರಾತತ್ತ್ವಜ್ಞರು ಸೇರಿ ಅಗೆದು ನೋಡಿದಾಗ ಬುಡ 7ನೇ ಶತಮಾನದಷ್ಟು ಹಳೆಯದೆಂದು ತಿಳಿಯಿತು. ಅಷ್ಟೇ ಅಲ್ಲ, ಬುಡ ಗಟ್ಟಿಯಾಗಿಯೇ ಇತ್ತು. ಮಂಡಪವನ್ನು ಹೊತ್ತ ನಾಲ್ಕು ಮುಖ್ಯ ಕಂಬಗಳಲ್ಲಿ ಒಂದು ಮಾತ್ರ ತನ್ನ ಅಡಿಗಲ್ಲಿನ ಮೇಲೆ ಸರಿಯಾಗಿ ಕೂತಿರಲಿಲ್ಲ. ಹಿಂದಿನ ದುರಸ್ತಿಯಲ್ಲಿ ಅಡಿಗಲ್ಲು ನೆಲದ ಹಾಸಿನಡಿ ಮುಚ್ಚಿಹೋಗಿತ್ತು. ಹಳಬರು ಕಟ್ಟಿದ್ದು ನಿಲ್ಲುವಂತೆಯೇ ಇತ್ತು. ಅರಿಯದೆ ಮಾಡಿದ ದುರಸ್ತಿ ಅದನ್ನು ಸಡಿಲಿಸಿತ್ತು.

ರಾಣಿ ಪೋಖರಿಯಲ್ಲೂ ಇದೇ ಪಾಠ. ಆನೆಯ ಕಾಲಿಗೆ ಸಿಕ್ಕಿ ಸತ್ತ ಮಗನಿಗಾಗಿ ಅಳುತ್ತಿದ್ದ ರಾಣಿಯ ಸಮಾಧಾನಕ್ಕೆಂದು ಪ್ರತಾಪ ಮಲ್ಲನು 1670ರಲ್ಲಿ ಕಟ್ಟಿಸಿದ ಕೆರೆ ಅದು; ನಡುವೆ ಪುಟ್ಟ ಗುಡಿ. ಭೂಕಂಪದ ಮೇಲೆ ಜೀರ್ಣೋದ್ಧಾರಕ್ಕೆ ಕೈಹಾಕಿದವರು ಕೆರೆಯೊಳಗೆ ಕಾಂಕ್ರೀಟು ಗೋಡೆ ಎಬ್ಬಿಸಹೊರಟರು. ಊರವರು ಬೀದಿಗಿಳಿದು ತಡೆದರು. ನಾವು ನೋಡಿದಾಗ ಕೆಲಸ ನಿಂತಿತ್ತು, ಕೆರೆಯಲ್ಲಿ ನೀರಿರಲಿಲ್ಲ. ದೊಡ್ಡಪೇಟೆಯ ಧರಹರಾ ಗೋಪುರದ್ದು ಇನ್ನೊಂದು ಬಗೆ. ಭೀಮಸೇನ ಥಾಪಾ ಕಟ್ಟಿಸಿದ್ದ ಅದು 1934ರ ಭೂಕಂಪದಲ್ಲಿ ಒಮ್ಮೆ ಬಿದ್ದು ಎದ್ದಿತ್ತು. 2015ರಲ್ಲಿ ರಜೆಯ ದಿನವೆಂದು ಹತ್ತಿದ್ದ ಎಷ್ಟೋ ಮಂದಿಯ ಸಮೇತ ಮತ್ತೆ ಬಿತ್ತು. ನಾವು ಕಂಡದ್ದು ಅದರ ಮೊಂಡು ಬುಡ. ನಮ್ಮ ಹಾಗೆಯೇ ರಜೆಯಲ್ಲಿ ಊರು ನೋಡಲು ಬಂದವರು ಸತ್ತ ಜಾಗ ಅದು. ಅಲ್ಲಿ ನಮ್ಮಲ್ಲಿ ಯಾರೂ ಫೋಟೋ ತೆಗೆಯಲಿಲ್ಲ.

ಎತ್ತಿಟ್ಟ ಮರ, ಉಳಿಸಿದ ಕೈ

ಬಾಗ್ಮತಿ ನದಿಯ ಆಚೆ ದಡದಲ್ಲಿ ಪಾಟನ್. ಇಲ್ಲಿಯ ಚೌಕದಲ್ಲಿ 16ನೇ ಶತಮಾನದ ಚಾರ್ ನಾರಾಯಣ ಗುಡಿಯೂ 18ನೇ ಶತಮಾನದ ಆರಂಭದ ಹರಿಶಂಕರ ಗುಡಿಯೂ ನೆಲಸಮವಾದವು. 1637ರ ಕಲ್ಲಿನ ಕೃಷ್ಣ ಮಂದಿರ ಬಿರುಕುಗಳೊಡನೆ ನಿಂತಿತು. ಗುಡಿಗಳು ಬಿದ್ದ ಕೂಡಲೇ ಪಾಟನಿಗರು ಮಾಡಿದ ಕೆಲಸ ನಮಗೆ ಬಹಳ ಹಿಡಿಸಿತು. ಊರವರು, ಪೋಲೀಸರು, ಸೈನಿಕರು ಸೇರಿ ಕೆತ್ತನೆಯ ಕಂಬ, ತೊಲೆ, ಬಾಗಿಲು, ವಿಗ್ರಹಗಳನ್ನು ಕಲ್ಲುಮಣ್ಣಿನೊಳಗಿಂದ ಹೆಕ್ಕಿ ಅರಮನೆಯ ಅಂಗಳಕ್ಕೆ ಸಾಗಿಸಿ ರಾಶಿಹಾಕಿದರು. ಬುಲ್ಡೋಜರಿಗೂ ಕಳ್ಳರಿಗೂ ಸಿಗದಂತೆ ಹೀಗೆ ಎತ್ತಿಟ್ಟದ್ದರಿಂದ, ಹಳೆಯ ಮರವನ್ನೇ ಹೊಸ ಗುಡಿಗೆ ಬಳಸಲು ಸಾಧ್ಯವಾಯಿತು.

ಅರಮನೆಯ ಹಿಂದಣ ಅಂಗಳದಲ್ಲಿ ಆ ಕೆಲಸ ನಡೆಯುತ್ತಿತ್ತು. 1991ರಿಂದ ಇಲ್ಲಿ ದುಡಿಯುತ್ತಿರುವ ಕಾಠ್ಮಂಡು ವ್ಯಾಲಿ ಪ್ರಿಸರ್ವೇಶನ್ ಟ್ರಸ್ಟ್ ಎಂಬ ಸಂಸ್ಥೆ ಅದರ ಹೊಣೆ ಹೊತ್ತಿತ್ತು. ನೇವಾರ ಜನಾಂಗದ ಬಡಗಿಗಳು ಚಕ್ಕಳಮಕ್ಕಳ ಹಾಕಿ ಕೂತು, ಪಾದಗಳ ನಡುವೆ ಮರ ಇರುಕಿಸಿಕೊಂಡು, ಸಣ್ಣ ಉಳಿಯಿಂದ ಕೆತ್ತುತ್ತಿದ್ದರು. ಮುರಿದ ತೊಲೆಯ ಒಳ್ಳೆಯ ಭಾಗವನ್ನು ಉಳಿಸಿ, ಮುರಿದಷ್ಟಕ್ಕೆ ಮಾತ್ರ ಹೊಸ ಸಾಲಮರದ ತುಂಡನ್ನು ಬೆಸೆಯುವುದು ಅವರ ಕ್ರಮ. ಕಬ್ಬಿಣದ ಮೊಳೆಗಿಂತ ಮರದ ಬೆಣೆ ಮೇಲು. ನೆಲ ನಡುಗಿದಾಗ ಮರ ತುಸು ಜರುಗಿ ಮತ್ತೆ ಕೂಡುತ್ತದೆ. ಗೋಡೆಗೆ ದಾಚಿ ಅಪ್ಪಾ ಎಂಬ ನುಣುಪಾದ ಬೆಣೆಯಾಕಾರದ ಇಟ್ಟಿಗೆ. ನೇವಾರಿಯಲ್ಲಿ ಅಪ್ಪಾ ಎಂದರೆ ಇಟ್ಟಿಗೆ ಎಂದು ಕೇಳಿ ನಮ್ಮ ಮಕ್ಕಳಿಗೆ ನಗುವೋ ನಗು. ಮುಂಭಾಗ ಅಗಲ, ಹಿಂಭಾಗ ಕಿರಿದಾದ ಈ ಇಟ್ಟಿಗೆಯಿಂದ ಗೋಡೆ ಕಟ್ಟಿದರೆ ಸಂದಿನ ಮಣ್ಣು ಹೊರಗೆ ಕಾಣುವುದಿಲ್ಲ, ಮಳೆಗೆ ತೊಳೆದುಹೋಗುವುದೂ ಇಲ್ಲ.

ಅರುವತ್ತು ದಾಟಿದ ಬಡಗಿಯೊಬ್ಬರನ್ನು ನಾವು ಹಿಂದಿಯಲ್ಲಿ ಮಾತನಾಡಿಸಿದೆವು. ಈಗ ಕೆಲಸಕ್ಕೇನೂ ಕೊರತೆಯಿಲ್ಲವಲ್ಲ ಎಂದೆವು. "ಕೆಲಸ ಉಂಟು ಮಾಸ್ತರ್‌ಜೀ, ಕೈಗಳಿಲ್ಲ" ಎಂದರು. ಅವರ ಇಬ್ಬರು ಮಕ್ಕಳೂ ಕತಾರಿನಲ್ಲಿ. ಉಳಿ ಹಿಡಿಯಲು ಕಲಿಯುತ್ತಿದ್ದ ಹುಡುಗ ಅಣ್ಣನ ಮೊಮ್ಮಗ. ಮನೆಗೊಬ್ಬರು ಗಲ್ಫಿನಲ್ಲಿರುವ ನಮ್ಮೂರಿನವರಿಗೆ ಈ ಮಾತು ಅರ್ಥವಾಗಲು ದುಭಾಷಿ ಬೇಡ. ದೇಶಕ್ಕೆ ದೇಶವೇ ಮನೆ ಕಟ್ಟಬೇಕಾದಾಗ ಕಟ್ಟುವ ಪ್ರಾಯದವರು ಮರುಭೂಮಿಯಲ್ಲಿ ಬೇರೆಯವರ ಮಹಡಿಗಳನ್ನು ಕಟ್ಟುತ್ತಿದ್ದರು. ಮೇಸ್ತ್ರಿಗಳಿಗೆ ತರಬೇತಿ ಕೊಡುವುದೇ ಪುನರ್ನಿರ್ಮಾಣದ ಒಂದು ದೊಡ್ಡ ಕೆಲಸವಾಯಿತು.

ಅದೇ ದಿನಗಳಲ್ಲಿ ಪಾಟನ್ ಬೀದಿಯಲ್ಲಿ ರಾತೋ ಮಚ್ಛಿಂದ್ರನಾಥನ ತೇರು ಎಳೆಯುತ್ತಿದ್ದರು. ನಮ್ಮ ಕಡೆಯ ರಥೋತ್ಸವ ಕಂಡವರಿಗೂ ಬಾಯಿ ಬಿಡುವಂತಾಗುವ ಎತ್ತರ. ಮರ ಮತ್ತು ಬೆತ್ತದ ಈ ತೇರನ್ನು ವರ್ಷವರ್ಷವೂ ಹೊಸದಾಗಿ ಕಟ್ಟುತ್ತಾರೆ. ಮರದ ಕೆಲಸ ಬಾರಾಹಿಗಳದ್ದು, ಬೆತ್ತ ಹಗ್ಗದ ಕೆಲಸ ಯಂಗ್ವಾಲರದ್ದು. 2015ರಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬರುವ ದೊಡ್ಡ ಜಾತ್ರೆ. ಭೂಕಂಪವಾದಾಗ ತೇರು ನಡುದಾರಿಯಲ್ಲಿತ್ತು. ದೇವರ ಬುಂಗಮತಿಯ ಗುಡಿಯೂ ಬಿತ್ತು. ಕೆಲವು ತಿಂಗಳು ತೇರು ನಿಂತಲ್ಲೇ ನಿಂತಿತು. ಆದರೆ ಅದೇ ವರ್ಷ ಅದನ್ನು ಸರಿಪಡಿಸಿ ಎಳೆದು ಮುಗಿಸಿದರು. ವರ್ಷಕ್ಕೊಮ್ಮೆ ತೇರು ಕಟ್ಟುವ ಊರಿನಲ್ಲಿ ಮರ ಕಟ್ಟುವ ವಿದ್ಯೆ ಮರೆತುಹೋಗುವುದಿಲ್ಲ ಎಂಬುದನ್ನು ನಾವು ಅಲ್ಲಿ ಕಣ್ಣಾರೆ ಕಂಡೆವು.

ಭಕ್ತಪುರದ ಊರುಗೋಲುಗಳು

ಕಾಠ್ಮಂಡುವಿನಿಂದ ಪೂರ್ವಕ್ಕೆ ಸುಮಾರು 13 ಕಿಲೋಮೀಟರ್ ದೂರದ ಭಕ್ತಪುರದಲ್ಲಿ ನಾವು ಮೂರು ರಾತ್ರಿ ತಂಗಿದೆವು. ಭೂಕಂಪದಲ್ಲಿ ಈ ಜಿಲ್ಲೆಯಲ್ಲಿ 300ಕ್ಕೂ ಮಿಕ್ಕಿ ಜನ ಸತ್ತರು. 1934ರಲ್ಲೂ ಅತಿ ಹೆಚ್ಚು ಪೆಟ್ಟು ತಿಂದ ಊರುಗಳಲ್ಲಿ ಇದೊಂದು. ಓಣಿಗಳಲ್ಲಿ ಎಲ್ಲಿ ನೋಡಿದರೂ ವಾಲಿದ ಗೋಡೆಗಳಿಗೆ ಎದುರುಮನೆಯಿಂದ ಅಡ್ಡಲಾಗಿ ಕೊಟ್ಟ ಮರದ ಊರುಗೋಲುಗಳು. ಅವುಗಳ ಅಡಿಯಲ್ಲೇ ಮಕ್ಕಳು ಶಾಲೆಗೆ ಹೋಗುತ್ತಿದ್ದರು, ಹೆಂಗಸರು ಮೆಣಸು ಒಣಗಿಸುತ್ತಿದ್ದರು, ಕುಂಬಾರರ ಚೌಕದಲ್ಲಿ ಮೊಸರಿನ ಕುಡಿಕೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಆ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಮೊಸರಿಗೆ ಜುಜು ಧೌ, ಅಂದರೆ ಅರಸು ಮೊಸರು ಎಂದು ಹೆಸರು. ಹೆಸರಿಗೆ ತಕ್ಕ ರುಚಿ.

ವತ್ಸಲಾ ದುರ್ಗೆಯ ಗುಡಿ ಬಿದ್ದು ಪೀಠ ಉಳಿದಿತ್ತು. ಕಣಿವೆಯಲ್ಲೇ ಅತಿ ಎತ್ತರದ ನ್ಯಾತಪೋಲ ಮಾತ್ರ ನಿಂತಿತ್ತು. 1702ರಲ್ಲಿ ಭೂಪತೀಂದ್ರ ಮಲ್ಲ ಸಿದ್ಧಿಲಕ್ಷ್ಮಿಗಾಗಿ ಕಟ್ಟಿಸಿದ ಐದು ಮಾಡುಗಳ ಗುಡಿ, ಐದು ಹಂತದ ಪೀಠದ ಮೇಲೆ. ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಜಟ್ಟಿಗಳು, ಆನೆಗಳು, ಸಿಂಹಗಳು, ಶರಭದಂಥ ಪ್ರಾಣಿಗಳು, ಮೇಲೆ ಬಾಘಿನಿ ಸಿಂಘಿನಿಯರು. ಒಂದೊಂದು ಜೋಡಿಯೂ ತನ್ನ ಕೆಳಗಿನ ಜೋಡಿಗಿಂತ ಹತ್ತು ಪಾಲು ಬಲಶಾಲಿ ಎಂದು ಹೇಳಿಕೆ. 1934ರಲ್ಲಿ ಇದರ ಮೇಲಂತಸ್ತಿಗೆ ಏಟು ಬಿದ್ದಿತ್ತು. 2015ರಲ್ಲಿ ಅಷ್ಟೂ ಇಲ್ಲ. ಅಗಲವಾದ ಹಂತ ಹಂತದ ಪೀಠ, ಮೇಲೇರಿದಂತೆ ಕಿರಿದಾಗುವ ಅಂತಸ್ತುಗಳು, ಗೋಡೆಯನ್ನೆಲ್ಲ ಬಿಗಿಹಿಡಿದ ಮರದ ಕಟ್ಟು, ಇವೇ ಜಟ್ಟಿಗಳಿಗಿಂತ ದೊಡ್ಡ ಕಾವಲುಗಾರರು.

ಭಕ್ತಪುರದ ನಗರಸಭೆ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸುವುದರ ಬದಲು ಓಣಿ ಓಣಿಯಲ್ಲಿ ಬಳಕೆದಾರರ ಸಮಿತಿ ಮಾಡಿ ಗುಡಿ, ಮಂಟಪಗಳನ್ನು ಊರವರ ಕೈಯಿಂದಲೇ ಕಟ್ಟಿಸುತ್ತಿತ್ತು. ಪ್ರವಾಸಿಗಳಿಂದ ವಸೂಲುಮಾಡುವ ಪ್ರವೇಶ ಶುಲ್ಕವೂ ಇದಕ್ಕೆ ನೆರವು. ಬೌದ್ಧ ಸ್ತೂಪದಲ್ಲೂ ಹಾಗೆಯೇ: ಬಿರುಕುಬಿಟ್ಟ ಶಿಖರವನ್ನು ಇಳಿಸಿ, ಭಕ್ತರ ದೇಣಿಗೆಯಿಂದ, 2016ರ ನವೆಂಬರಿನೊಳಗೆ ಅಲ್ಲಿಯ ಸಮಿತಿ ಕೆಲಸ ಮುಗಿಸಿತ್ತು. ಅಗ್ಗದ ಬೆಲೆಗೆ ಗುತ್ತಿಗೆ ಹಿಡಿದವರ ಕೈಯಲ್ಲಿ ಸಿಕ್ಕ ಕಟ್ಟಡಗಳು ನಿಂತಲ್ಲೇ ನಿಂತಿದ್ದುವು. ಈ ವ್ಯತ್ಯಾಸ ಒಂಬತ್ತು ದಿನ ಸುತ್ತಿದ ಪರಸ್ಥಳದವರಾದ ನಮ್ಮ ಕಣ್ಣಿಗೂ ಬಿತ್ತು.

ಇದರ ಹಿಂದೆ ಗುಠಿ ಎಂಬ ಹಳೆಯ ಏರ್ಪಾಡಿದೆ. ನಮ್ಮ ಗೋಷ್ಠಿ ಶಬ್ದವೇ ಅದು. ಗುಡಿಗೆ, ನೀರಿನ ಧಾರೆಗೆ, ಜಾತ್ರೆಗೆ ಇಷ್ಟಿಷ್ಟು ಜಮೀನು ಬಿಟ್ಟು, ಅದರ ಹುಟ್ಟುವಳಿಯಿಂದ ವರ್ಷವರ್ಷವೂ ಹುಲ್ಲು ಕೀಳುವುದು, ಹಂಚು ಬದಲಿಸುವುದು, ಹಬ್ಬ ನಡೆಸುವುದು ಕೆಲವು ಮನೆತನಗಳ ಹೊಣೆ. 1964ರಲ್ಲಿ ಸರಕಾರ ಗುಠಿ ಸಂಸ್ಥಾನ ಮಾಡಿ ಬಹಳಷ್ಟು ಜಮೀನಿನ ಆಡಳಿತ ತೆಗೆದುಕೊಂಡ ಮೇಲೆ ಈ ವಾರ್ಷಿಕ ಆರೈಕೆ ಸೊರಗಿತು. 2019ರಲ್ಲಿ ಉಳಿದ ಗುಠಿಗಳನ್ನೂ ಸರಕಾರದ ಅಧೀನಕ್ಕೆ ತರುವ ಮಸೂದೆ ಬಂದಾಗ ಸಾವಿರಾರು ಜನ ಬೀದಿಗಿಳಿದರು. ಮಸೂದೆಯನ್ನು ಹಿಂದಕ್ಕೆ ಪಡೆಯಬೇಕಾಯಿತು.

ಮನೆ ಮತ್ತು ಪಾಲುಪಟ್ಟಿ

ದೇವರ ಮನೆಗಳಿಗಿಂತ ಮನುಷ್ಯರ ಮನೆಗಳ ಕಥೆ ತೊಡಕಿನದು. ನೇಪಾಳ ಸರಕಾರ 2015ರ ಕೊನೆಗೆ ಪುನರ್ನಿರ್ಮಾಣ ಪ್ರಾಧಿಕಾರ ರಚಿಸಿತು. ಮನೆ ಕಳೆದುಕೊಂಡ ಕುಟುಂಬಕ್ಕೆ ಮೂರು ಕಂತುಗಳಲ್ಲಿ ಮೂರು ಲಕ್ಷ ನೇಪಾಳಿ ರೂಪಾಯಿ: ಮೊದಲು 50,000, ಅಡಿಪಾಯ ನೋಡಿ ಒಂದೂವರೆ ಲಕ್ಷ, ಕೊನೆಗೆ ಒಂದು ಲಕ್ಷ. ಪ್ರತಿ ಕಂತಿಗೂ ಇಂಜಿನಿಯರರು ಬಂದು ಭೂಕಂಪ ತಡೆಯುವ ಕ್ರಮದಲ್ಲಿ ಕಟ್ಟಿದೆಯೇ ಎಂದು ನೋಡಬೇಕು. ಕ್ರಮ ಒಳ್ಳೆಯದೇ. ಆದರೆ ಹಳೆಯ ಪೇಟೆಗಳಲ್ಲಿ ಅಣ್ಣತಮ್ಮಂದಿರು ಮನೆಯನ್ನು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಸೀಳಿ ಪಾಲು ಮಾಡಿಕೊಂಡಿರುತ್ತಾರೆ. ಒಬ್ಬನ ಪಾಲಿಗೆ ಎಂಟು ಅಡಿ ಅಗಲ, ನಾಲ್ಕಂತಸ್ತು. ಕಾಗದಪತ್ರ ಅಜ್ಜನ ಹೆಸರಲ್ಲೇ. ಒಬ್ಬ ಕಟ್ಟುತ್ತೇನೆಂದರೆ ಇನ್ನೊಬ್ಬನ ಒಪ್ಪಿಗೆ ಬೇಕು; ಆ ಇನ್ನೊಬ್ಬ ಮಲೇಶಿಯಾದಲ್ಲಿ. ಪಾಲುಪಟ್ಟಿಯ ತಕರಾರಿನಲ್ಲಿ ಮನೆ ಬೀಳುಬಿಟ್ಟದ್ದನ್ನು ನಾವೂ ನೀವೂ ಊರಿನಲ್ಲಿ ಕಂಡವರೇ.

ನಾವು ತಂಗಿದ್ದ ಮನೆಯ ಯಜಮಾನಿ ವಿಧವೆ. ಕೆಳಗಿನೆರಡು ಅಂತಸ್ತನ್ನು ಸರಿಪಡಿಸಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಅಳುಕನ್ನು ಅವರಲ್ಲಿ ಹೇಳಿಯೇಬಿಟ್ಟೆವು: ನಿಮ್ಮ ಕಷ್ಟ ನೋಡಲು ಬಂದ ಹಾಗಾಯಿತಲ್ಲ ಎಂದು. ಅವರು ನಕ್ಕರು. "ಆ ವರ್ಷ ಯಾರೂ ಬರಲಿಲ್ಲ. ಅದೇ ಕಷ್ಟ. ನೀವು ಬಂದಿರಿ, ಒಲೆ ಹೊತ್ತಿತು" ಎಂದರು. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. ಭೂಕಂಪದ ಅದೇ ವರ್ಷ ಸೆಪ್ಟೆಂಬರಿನಿಂದ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಭಾರತದ ಗಡಿಯಲ್ಲಿ ಸರಕು ಸಾಗಣೆ ನಿಂತಿತ್ತು; ಗ್ಯಾಸಿಲ್ಲದೆ, ಬಿದ್ದ ಮನೆಯ ಮರವನ್ನೇ ಸುಟ್ಟು ಅನ್ನ ಬೇಯಿಸಿದೆವು ಎಂದರು. ಮಾತಿನಲ್ಲಿ ಕಹಿಯಿರಲಿಲ್ಲ, ಆದರೂ ಭಾರತೀಯರಾದ ನಾವು ತಲೆ ತಗ್ಗಿಸಿ ಕೇಳಬೇಕಾಯಿತು.

ಅವರೇ ತಿಳಿಸಿದ ಇನ್ನೊಂದು ಸಂಗತಿ: ಕೊಳವೆ ನೀರು ನಿಂತುಹೋದಾಗ ಊರನ್ನು ಉಳಿಸಿದ್ದು ಹಳೆಯ ಕಲ್ಲಿನ ನೀರಿನ ಧಾರೆಗಳು ಮತ್ತು ಬಾವಿಗಳು. ಮಲಗಲು ಜಾಗ ಕೊಟ್ಟದ್ದು ಮನೆಗಳ ನಡುವಣ ಅಂಗಳಗಳು. ಹಿಂದಿನವರು ಇಷ್ಟು ಜಾಗವನ್ನು ಯಾಕೆ ಖಾಲಿ ಬಿಟ್ಟರೆಂದು ಆ ರಾತ್ರಿಗಳಲ್ಲಿ ತಿಳಿಯಿತಂತೆ.

ಪಶುಪತಿಯಲ್ಲಿ ಕೇಳಿದ ಕನ್ನಡ

ಪಶುಪತಿನಾಥನ ಮುಖ್ಯ ಗುಡಿಗೆ ಭೂಕಂಪದಿಂದ ದೊಡ್ಡ ಹಾನಿಯಾಗಲಿಲ್ಲ. ಬಾಗ್ಮತಿಯ ದಡದಲ್ಲಿ ಮಾತ್ರ ಆ ದಿನಗಳಲ್ಲಿ ಚಿತೆಗಳು ಆರಲಿಲ್ಲ. ಶತಮಾನಗಳಿಂದ ಇಲ್ಲಿಯ ಪೂಜೆ ದಕ್ಷಿಣ ಭಾರತದ ಭಟ್ಟರದ್ದು. ಈಚಿನ ತಲೆಮಾರುಗಳಲ್ಲಿ ಹಲವರು ನಮ್ಮ ಕರಾವಳಿಯ ಕಡೆಯವರು. ಹೊರ ಅಂಗಳದಲ್ಲಿ ನಾವು ಮಾತನಾಡುತ್ತಿದ್ದುದನ್ನು ಕೇಳಿ ಭಟ್ಟರ ಬಳಗದ ಹಿರಿಯರೊಬ್ಬರು "ಊರೆಲ್ಲಿ?" ಎಂದು ಕನ್ನಡದಲ್ಲಿ ವಿಚಾರಿಸಿದರು. ಕಾಸರಗೋಡೆಂದಾಗ "ಹಾಗಾದರೆ ಹತ್ತಿರದವರೇ ಆಯಿತಲ್ಲ ಮಾರಾಯ್ರೆ" ಎಂದರು. ಅಂದು ಅವರೂ ವಾರಗಟ್ಟಲೆ ಬಯಲಲ್ಲೇ ಮಲಗಿದವರು. ನೆಲ ದಿನಕ್ಕೆ ಹತ್ತು ಸಲ ನಡುಗುತ್ತಿದ್ದರೂ ಹೊತ್ತುಹೊತ್ತಿನ ಪೂಜೆ ತಪ್ಪಲಿಲ್ಲವೆಂದರು.

ಶಾಲೆಯ ಗೋಡೆ

ಹಿಂದಿರುಗುವ ಮುನ್ನ ಭಕ್ತಪುರದ ಹೊರವಲಯದ ಒಂದು ಸರಕಾರಿ ಶಾಲೆಗೆ ಹೋದೆವು. ಅರ್ಧ ತರಗತಿಗಳು ಬಿದಿರು ತಟ್ಟಿ ತಗಡಿನ ಕೊಟ್ಟಿಗೆಯಲ್ಲಿ, ಅರ್ಧ ಹೊಸ ಕಟ್ಟಡದಲ್ಲಿ. ಅಲ್ಲಿಯ ಮುಖ್ಯೋಪಾಧ್ಯಾಯರಿಂದ ತಿಳಿದುಬಂದದ್ದು: 1990ರ ದಶಕದ ಕೊನೆಯಿಂದಲೇ ನೇಪಾಳದ ಭೂಕಂಪ ತಂತ್ರಜ್ಞಾನ ಸಂಘ ಕೆಲವು ಶಾಲೆಗಳ ಹಳೆಯ ಗೋಡೆಗಳಿಗೆ ಕಬ್ಬಿಣದ ಜಾಲರಿ ಹೊದಿಸಿ, ಮೂಲೆಗಳನ್ನು ಬಿಗಿದು, ಸುತ್ತ ಪಟ್ಟಿ ಕಟ್ಟಿ ಬಲಪಡಿಸಿತ್ತು. 2015ರಲ್ಲಿ ನೆರೆಮನೆಗಳು ಬಿದ್ದರೂ ಹೀಗೆ ಬಲಪಡಿಸಿದ ಶಾಲೆಗಳು ನಿಂತವು. ಹೊಸ ಕಟ್ಟಡಕ್ಕಾಗುವುದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಆದ ಕೆಲಸ ಅದು.

ಈ ಪಾಠ ಎಲ್ಲ ಕಡೆಗೆ ತಲಪಿಲ್ಲವೆಂಬುದನ್ನು 2023ರ ನವೆಂಬರ್ 3ರ ರಾತ್ರಿ ತೋರಿಸಿತು. ಪಶ್ಚಿಮ ನೇಪಾಳದ ಜಾಜರ್‌ಕೋಟ್ ಕಡೆ 6.4 ಪ್ರಮಾಣದ, ಅಂದರೆ 2015ರದಕ್ಕಿಂತ ಎಷ್ಟೋ ಸಣ್ಣದಾದ ಭೂಕಂಪ. ಕಲ್ಲುಮಣ್ಣಿನ ಮನೆಗಳೊಳಗೆ ಮಲಗಿದ್ದ 150ಕ್ಕೂ ಮಿಕ್ಕಿ ಜನ ಸತ್ತರು. ಕೊಲ್ಲುವುದು ಬಹುಮಟ್ಟಿಗೆ ಕಟ್ಟಡ, ನೆಲವಲ್ಲ.

ಇತ್ತ ಕಾಠ್ಮಂಡು ಕಣಿವೆಯಲ್ಲಿ ನಾವು ಖಾಲಿ ಕಂಡ ಜಾಗಗಳು ಒಂದೊಂದಾಗಿ ತುಂಬಿವೆ. ರಾಣಿ ಪೋಖರಿಯ ಗುಡಿಯನ್ನು 1934ರ ಬಳಿಕ ಕಟ್ಟಿದ್ದ ಗುಮ್ಮಟದ ರೂಪ ಬಿಟ್ಟು, ಪ್ರತಾಪ ಮಲ್ಲನ ಕಾಲದ ಶಿಖರದ ರೂಪದಲ್ಲೇ ಕಟ್ಟಿ 2020ರಲ್ಲಿ ಮುಗಿಸಿದರು. ಕೆರೆಗೆ ನೀರು ಬಂತು. 2021ರಲ್ಲಿ ಹೊಸ ಧರಹರಾ ಎದ್ದಿತು, ಕಾಂಕ್ರೀಟಿನದ್ದು. ಕಾಷ್ಠಮಂಡಪ ಮರ, ಇಟ್ಟಿಗೆ, ಮಣ್ಣಿನಿಂದಲೇ ಮರಳಿ ನಿಂತಿದೆ. ಈ ಸಲ ನಾಲ್ಕು ಕಂಬಗಳೂ ತಮ್ಮ ಅಡಿಗಲ್ಲುಗಳ ಮೇಲೆ.

ಹೋಗಬಯಸುವವರಿಗೆ ಎರಡು ಮಾತು. ಮಳೆಗಾಲ ಕಳೆದ ಅಕ್ಟೋಬರ್ ನವೆಂಬರ್ ಒಳ್ಳೆಯ ಕಾಲ. ಹಿಮದ ಶಿಖರಗಳೂ ಕಾಣುತ್ತವೆ. ದೊಡ್ಡ ಹೋಟೆಲಿಗಿಂತ ಪಾಟನ್ ಭಕ್ತಪುರಗಳ ಮನೆವಾಸ ಲೇಸು. ಪ್ರವೇಶ ಶುಲ್ಕದಲ್ಲಿ ಚೌಕಾಶಿ ಬೇಡ, ಊರಿನ ಮಾರ್ಗದರ್ಶಿಯನ್ನೇ ಕರೆದುಕೊಳ್ಳಿ, ಯಾರ ಮನೆಯ ಬಿರುಕಿನ ಫೋಟೋ ತೆಗೆಯುವ ಮೊದಲೂ ಕೇಳಿ.

ನಮ್ಮ ಕಾಸರಗೋಡು ಹಿಮಾಲಯದ ಹಾಗೆ ಅಪಾಯದ ನೆಲವಲ್ಲ. ಆದರೂ ಭೂಕಂಪದ ನಕ್ಷೆಯಲ್ಲಿ ಕೇರಳ ಮಧ್ಯಮ ತರದ ಮೂರನೇ ವಲಯವೆಂದೇ ಬಹುಕಾಲದಿಂದ ಗುರುತಾಗಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಹಳೆಯ ಶಾಲೆಗಳು ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ಗೋಡೆಯ ಮೂಲೆಗಳು ಒಂದನ್ನೊಂದು ಹಿಡಿದಿವೆಯೆ, ಬಾಗಿಲ ಮೇಲಣ ತೊಲೆಗೆ ಗೆದ್ದಲು ಹಿಡಿದಿದೆಯೆ, ಪುಸ್ತಕದ ಕಪಾಟು ಗೋಡೆಗೆ ಬಿಗಿದಿದೆಯೆ ಎಂದು ನೋಡಲು ಭೂಕಂಪ ಬರಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲಿನ ಒಂದು ಮಧ್ಯಾಹ್ನ ಸಾಕು. ಊರಿಗೆ ಬಂದ ವಾರ ನಾವು ನಾಲ್ವರೂ ನಮ್ಮ ನಮ್ಮ ಶಾಲೆಗಳಲ್ಲಿ ಮೊದಲು ಮಾಡಿದ ಕೆಲಸ ಅದು.